ಷೇರುಪೇಟೆ ಬಿತ್ತು, ನಾನು ಹಗೇವು ತೋಡಿಸಿದೆ

ದೇಶದ ಹಣಕಾಸಿನ ಸ್ಥಿತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಧಾನ್ಯದ ಮೇಲಿನ ಸರ್ಕಾರಿ ಕಂಟ್ರೋಲ್ ಮುಗಿದಿದ್ದ ದಿನಗಳು. ಬೊಂಬಾಯಿಯ ಷೇರುಪೇಟೆ ಬಿದ್ದಿದೆ ಎಂದು ಪತ್ರಿಕೆಯಲ್ಲಿ ಓದಿ, ಒಂಟಿಕೊಪ್ಪಲಿನ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿ ಪುಟ್ಟತಾಯಮ್ಮನಿಗೆ ಉಪನ್ಯಾಸ ಕೊಟ್ಟೆ.

"ನೋಡು, ಷೇರು ಬಿಟ್ಟ ದುಡ್ಡೆಲ್ಲ ಈಗ ಧಾನ್ಯಕ್ಕೆ ನುಗ್ಗುತ್ತೆ. ಎರಡೇ ತಿಂಗಳಲ್ಲಿ ರಾಗಿ ಕೈಗೆ ಸಿಗಲ್ಲ."

"ಬೊಂಬಾಯಿಯೋರು ರಾಗಿ ತಿಂತಾರೇನ್ರೀ?" ಎಂದಳು.

ಇಂಥ ಪ್ರಶ್ನೆಗೆ ಉತ್ತರಿಸುವುದು ನನ್ನ ಘನತೆಗೆ ಕುಂದು. ಎಂಟು ಮೂಟೆ ರಾಗಿ ತರಿಸಿಯೇಬಿಟ್ಟೆ. ಇಡಲು ಮನೆಯಲ್ಲಿ ಜಾಗವಿರಲಿಲ್ಲ. ಹಳ್ಳಿಯ ನಮ್ಮ ಹಿರಿಯರು ನೆಲದಲ್ಲಿ ಹಗೇವು ತೋಡಿ ವರ್ಷಗಟ್ಟಲೆ ರಾಗಿ ಇಡುತ್ತಿದ್ದರಲ್ಲ! ಹಿತ್ತಲಲ್ಲಿ ಎರಡಾಳುದ್ದ ಗುಂಡಿ ತೋಡಿಸಿ, ರಾಗಿ ಸುರಿಸಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಸಿದೆ. "ಬಚ್ಚಲ ನೀರು ಪಕ್ಕದಲ್ಲೇ ಹರೀತದಲ್ರೀ" ಎಂದು ಅವಳು ಹೇಳಿದ್ದು ನಿಜ. ನಾನು ಕೇಳಿಸಿಕೊಂಡದ್ದೂ ನಿಜ.

ಸುಗ್ಗಿ ಬಂತು. ರಾಗಿ ಬೆಲೆ ಏರುವ ಬದಲು ಇಳಿಯಿತು. ಮೂರನೆಯ ತಿಂಗಳು ಹಿತ್ತಲಲ್ಲಿ ಎಂಥದೋ ಹುಳಿ ವಾಸನೆ. ನಾನು ಚಪ್ಪಡಿ ಸರಿಸಿ, ಪಂಚೆ ಎತ್ತಿ ಕಟ್ಟಿ, ಇಳಿದು ನೋಡೋಣವೆಂದು ಒಂದು ಕಾಲು ಒಳಗಿಟ್ಟೆ. ಹಿಂದಿನಿಂದ ಯಾರೋ ಅಂಗಿಯ ಕಾಲರ್ ಹಿಡಿದು ಎಳೆದರು. ದೊಪ್ಪನೆ ಅಂಗಾತ ಬಿದ್ದೆ. ನೋಡಿದರೆ ಪುಟ್ಟತಾಯಮ್ಮ! ಹಾಡುಹಗಲಲ್ಲೇ ಲಾಟೀನು ಹಚ್ಚಿಕೊಂಡು ಬಂದಿದ್ದಳು.

"ಬುದ್ಧಿ ನೆಟ್ಟಗಿದೆಯೇನ್ರೀ ನಿಮ್ಗೆ? ಸುಮ್ನೆ ನೋಡಿ" ಎಂದು ಲಾಟೀನಿಗೆ ಹಗ್ಗ ಕಟ್ಟಿ ಗುಂಡಿಗೆ ಇಳಿಸಿದಳು. ಎರಡು ಮೊಳ ಇಳಿಯುವುದರೊಳಗೆ ದೀಪ ನಂದಿತು.

"ಒಳಗೆ ಕೆಟ್ಟ ಗಾಳಿ ತುಂಬ್ಕೊಂಡದೆ. ದೀಪ ಬದುಕದ ಕಡೆ ಮನುಷ್ಯ ಬದುಕ್ತಾನಾ? ನಮ್ಮೂರಲ್ಲಿ ಇಬ್ರು ಹಿಂಗೇ ಹೋಗ್ಬುಟ್ರು" ಎಂದಳು.

ಬೊಂಬಾಯಿಯ ಗಾಳಿ ಎತ್ತ ಬೀಸುತ್ತದೆಂದು ಬಲ್ಲ ನನಗೆ ನನ್ನ ಹಿತ್ತಲಿನ ಗಾಳಿ ಗೊತ್ತಿರಲಿಲ್ಲ. ಅವಳು ಅರೆಗಳಿಗೆ ತಡಮಾಡಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಆ ಋಣ ಈ ಜನ್ಮಕ್ಕೆ ತೀರುವಂಥದಲ್ಲ.

ಎರಡು ದಿನ ಗುಂಡಿಯ ಬಾಯಿ ತೆರೆದಿಟ್ಟು, ಇಳಿಸಿದ ದೀಪ ಆರುವುದಿಲ್ಲವೆಂದು ಖಾತ್ರಿಯಾದ ಮೇಲೆ ರಾಗಿ ತೆಗೆಸಿದಳು. ಬಚ್ಚಲ ಕಡೆಯದು ಕೊಳೆತುಹೋಗಿತ್ತು. ಮಿಕ್ಕಿದ್ದನ್ನು ಒಣಗಿಸಿ, ಕೇರಿ, ಬೀಸಿಸಿ, ಮುದ್ದೆ ಮಾಡಿ ಬಡಿಸಿದಳು. ಮುಗ್ಗಲು ವಾಸನೆ ಬೀದಿಯವರೆಗೂ ಹೋಗುತ್ತಿತ್ತು.

"ಹೆಂಗದೆ?" ಎಂದಳು.

ಜೀವ ಉಳಿಸಿದವಳ ಮುದ್ದೆಗೆ ಕೊಂಕು ತೆಗೆಯುವುದುಂಟೆ? "ಅಮೃತ ಕಣೇ" ಎಂದೆ.

"ಹಂಗಾದ್ರೆ ನಿಧಾನವಾಗಿ ತಿನ್ನಿ. ಇನ್ನೂ ಐದು ಮೂಟೆ ಅದೆ."