ಯಲವಿಗಿ ಸ್ಟೇಶನ್ನಿನ ಮುದುಕಿ ಮತ್ತು ನನ್ನ ಐದು ಬೆರಳು

ನಾನು ಮಿತಭಾಷಿ ಎಂದು ಬಹಳ ದಿನ ಜಂಬ ಪಡುತ್ತಿದ್ದೆ. ಮಾತಾಡದೆ ಕೂತವನನ್ನು ಜನ ಜಾಣ ಎಂದು ತಿಳಿಯುತ್ತಾರೆಂದು ಸಾಲಿಯ ಮಾಸ್ತರರೊಬ್ಬರು ನನ್ನ ತಲೆಯಲ್ಲಿ ತುಂಬಿದ್ದರು. ಅವರಿಗೆ ಸಾಲಿ ಗೊತ್ತಿತ್ತು, ಪೇಟೆ ಗೊತ್ತಿರಲಿಲ್ಲ. ಹಾನಗಲ್ಲ ಪೇಟೆಯಲ್ಲಿ ಭತ್ತದ ಅಂಗಡಿಯ ಗಾದಿಯ ಮೇಲೆ ಬಾಯಿ ಮುಚ್ಚಿಕೊಂಡು ಕೂತರೆ ಯಾರೂ ಜಾಣ ಅನ್ನುವುದಿಲ್ಲ, "ಹಲ್ಲು ನೋಯಾಕತ್ತೈತೇನ್ರಿ?" ಎಂದು ಕೇಳುತ್ತಾರೆ. ಸಾಲಿ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದ ನನಗೆ ಇದು ತಿಳಿಯಲು ಒಂದು ಸುಗ್ಗಿ ಹಿಡಿಯಿತು.

ರೈತರ ಭತ್ತ ಕೊಳ್ಳುವ ಆ ಅಂಗಡಿ ನಮ್ಮ ದೊಡ್ಡಪ್ಪನದು. ಯುದ್ಧ ಬಂದು, ಅದರ ಬೆನ್ನಿಗೇ ಕಾಳಿನ ದರಕ್ಕೆ ಸರಕಾರದ ಕಂಟ್ರೋಲು ಬರುವುದಕ್ಕಿಂತ ಮೊದಲಿನ ಮಾತು. ಆಗ ನಮ್ಮಲ್ಲಿ ದರವನ್ನು ಬಾಯಿಂದ ಆಡುತ್ತಿರಲಿಲ್ಲ. ಕೊಳ್ಳುವವ, ಮಾರುವವ ಎದುರುಬದುರು ಕೂತು, ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿಯುತ್ತಿದ್ದರು. ಎಷ್ಟು ಬೆರಳು ಅದುಮಿದರೆ ಚೀಲಕ್ಕೆ ಅಷ್ಟು ರೂಪಾಯಿ ದರ. ಸುತ್ತ ಹತ್ತು ಮಂದಿ ನಿಂತಿದ್ದರೂ ಒಬ್ಬರಿಗೂ ತಿಳಿಯುವ ಹಾಗಿಲ್ಲ. ಒಮ್ಮೆ ಅದುಮಿದ ಬೆರಳನ್ನು ಹಿಂದಕ್ಕೆ ತಗೊಳ್ಳುವ ಹಾಗೂ ಇಲ್ಲ. ತಗೊಂಡವನ ವಲ್ಲಿಯ ಕೆಳಗೆ ಮತ್ತೆ ಯಾರೂ ಕೈ ಇಡುತ್ತಿರಲಿಲ್ಲ. ಕೈಗೆ ಹೀಗೆ ಕೆಲಸ ಹತ್ತಿದಾಗ ಬಾಯಿ ಸುಮ್ಮನಿರಬಾರದಲ್ಲ, ದೊಡ್ಡಪ್ಪ ಕಥೆ ಹೇಳುತ್ತಿದ್ದ.

ಹೇಳುತ್ತಿದ್ದ ಅಂದರೆ ಸುಮ್ಮನೆ ಅಲ್ಲ. ಬಂದವರನ್ನು ಕೂಡಿಸಿ, ತಂಬಿಗೆ ನೀರು ಕೊಟ್ಟು, ಸವಣೂರ ವೀಳ್ಯದೆಲೆಯ ತಟ್ಟೆ ಮುಂದಿಟ್ಟು, ಮಗಳ ಬಾಣಂತನ, ಎತ್ತಿನ ಕಾಲುನೋವು, ಬೀಗರ ಸಿಟ್ಟು ಎಲ್ಲ ವಿಚಾರಿಸಿ ಆಮೇಲೆ ಕಥೆಗೆ ಕೈ ಹಾಕುತ್ತಿದ್ದ. ಹೋದ ವರ್ಷ ಯಾರ ಎತ್ತು ಯಾವ ಕಾಲು ಕುಂಟುತ್ತಿತ್ತು ಎಂಬುದು ಕೂಡ ಅವನಿಗೆ ನೆನಪಿರುತ್ತಿತ್ತು. ನಾನು ಇದನ್ನೆಲ್ಲ ಕಾಲಹರಣ ಎಂದುಕೊಂಡಿದ್ದೆ. ಈಗ ನೆನೆದರೆ ಅಂಥ ಮನುಷ್ಯನ ಮಗ್ಗುಲಲ್ಲಿ ಕೂತು ಆಕಳಿಸಿದ್ದಕ್ಕೆ ನಾಚಿಕೆಯಾಗುತ್ತದೆ.

ಅವನ ಕಥೆಗಳಲ್ಲಿ ದೊಡ್ಡದು ಯಲವಿಗಿ ಸ್ಟೇಶನ್ನಿನ ಮುದುಕಿಯದು. ಶಿಗ್ಗಾವಿ ಕಡೆಯ ಮುದುಕಿಯೊಬ್ಬಳು ಹರಿಹರದಲ್ಲಿ ಹಡೆದ ಮಗಳಿಗೆ ಹಾಲಾಗಲೆಂದು ಎಮ್ಮೆ ಹಿಡಕೊಂಡು ರೈಲಿಗೆ ಬಂದಳು. ಸ್ಟೇಶನ್ ಮಾಸ್ತರ ಎಮ್ಮೆಯನ್ನು ಹತ್ತಿಸಲಾರೆ ಅಂದ. ಮುದುಕಿ ಎಮ್ಮೆ ಬಿಟ್ಟು ಹತ್ತಲಾರೆ ಅಂದಳು. ಇಷ್ಟೇ ಕಥೆ. ಇದನ್ನು ಮಾಸೂರಿನ ಬಸನಗೌಡರಿಗೆ ದೊಡ್ಡಪ್ಪ ನಾಲ್ಕು ಸುಗ್ಗಿ ಹೇಳಿದ್ದ. ನಾಲ್ಕು ಸುಗ್ಗಿ ಕಳೆದರೂ ಮುದುಕಿ ಇನ್ನೂ ಯಲವಿಗಿ ಪ್ಲಾಟ್‌ಫಾರ್ಮಿನ ಮೇಲೇ ಇದ್ದಳು. ಒಂದು ವರ್ಷವಂತೂ ಮಾಸ್ತರನ ಟೊಪ್ಪಿಗೆಯನ್ನು ಎಮ್ಮೆ ಮೂಸಿ ನೋಡಿತು ಎಂಬಲ್ಲಿಗೇ ವ್ಯಾಪಾರ ಮುಗಿದಿತ್ತು. ಮದಗದ ಕೆರೆಯ ನೀರುಂಡ ಚೊಕ್ಕ ಭತ್ತವನ್ನು ಗೌಡರು ಹಿರೇಕೆರೂರಿನಲ್ಲೇ ಮಾರಬಹುದಿತ್ತು. ಆದರೂ ದಿನಗಟ್ಟಲೆ ಬಂಡಿ ಹೊಡೆದು ನಮ್ಮ ಅಂಗಡಿಗೇ ತರುತ್ತಿದ್ದರು. ಅವರು ಬಂದರೆ ಮಾಸೂರಿನ ಬಂಡಿಗಳೆಲ್ಲ ಅವರ ಹಿಂದೆ ಬರುತ್ತಿದ್ದವು.

ಐದನೆಯ ಸುಗ್ಗಿ ಬಾಗಿಲಿಗೆ ಬಂದಾಗ ದೊಡ್ಡಪ್ಪನ ಗಂಟಲು ಕಟ್ಟಿತು. ಹುಬ್ಬಳ್ಳಿಯ ಡಾಕ್ಟರು ಒಂದು ತಿಂಗಳು ಒಂದು ಮಾತೂ ಆಡಕೂಡದು ಅಂದರು. ಅಂಗಡಿಗೆ ಬಿಟ್ಟರೆ ಈ ಮನುಷ್ಯ ಬಾಯಿ ತೆರೆಯದೆ ಇರುವುದಿಲ್ಲವೆಂದು ದೊಡ್ಡವ್ವ ಅವನ ಕೈಗೆ ಪಾಟಿ-ಬಳಪ ಕೊಟ್ಟು ಪಡಸಾಲೆಯಲ್ಲಿ ಕೂಡಿಸಿ ತಾನು ಬಾಗಿಲ ಕಾದಳು. ಗಾದಿಯ ಮೇಲೆ ನಾನು ಕೂತೆ. ದೊಡ್ಡಪ್ಪ ಪಾಟಿಯ ಮೇಲೆ ಬರೆದುಕೊಟ್ಟದ್ದು ಒಂದೇ ಮಾತು: "ಗೌಡರಿಗೆ ನಾಕ ಬೆರಳ ದಾಟಬ್ಯಾಡ." ವ್ಯಾಪಾರ ಬೆರಳಿನದು, ಬಾಯಿಯ ಹಂಗೇಕೆ ಎಂದು ನನಗೆ ಒಳಗೊಳಗೇ ಹಿಗ್ಗು.

ಮೊದಲ ದಿನ ಶಿಗ್ಗಾವಿ ಕಡೆಯ ರೈತರೊಬ್ಬರು ಬಂದರು. ನಾನು ವಲ್ಲಿ ಹಾಸಿ, "ಕೈ ಕೊಡ್ರಿ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇನ್ನೂ ಕುಂತಿಲ್ಲ, ನೀರು ಕುಡದಿಲ್ಲ. ಯಾಕ ಬಂದಿ, ಹೆಂಗದಿ ಅನ್ನಲಿಲ್ಲ. ಒಮ್ಮಿಗಲೇ ಕೈ ಕೇಳ್ತೀಯಲ್ಲೋ ತಮ್ಮಾ, ನಾಡಿ ನೋಡಾವೇನು?" ಅಂದವರೇ ಎದುರಿನ ಅಂಗಡಿಗೆ ಹೋದರು. ವಾರದಲ್ಲಿ ಹೀಗೆ ನಾಲ್ಕು ಮಂದಿ ಹೋದರು. ದೊಡ್ಡಪ್ಪನ ಮೂವತ್ತು ವರ್ಷದ ಅಂಗಡಿಯನ್ನು ನಾನು ಬಾಯಿ ಮುಚ್ಚಿಕೊಂಡೇ ಮುಚ್ಚಿಸುತ್ತೇನೆಂದು ಭಯ ಹತ್ತಿತು. ಗೌಡರೂ ಎದ್ದು ಹೋದರೆ ಮುಗಿಯಿತು.

ಗೌಡರು ಬಂದರು. ಈ ಸಲ ನಾನು ನೀರು ಕೊಟ್ಟೆ, ಎಲೆ ಕೊಟ್ಟೆ, ಎತ್ತುಗಳನ್ನೆಲ್ಲ ಒಂದೊಂದಾಗಿ ವಿಚಾರಿಸಿದೆ. ಅವರು ನಿಧಾನ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡು ವಲ್ಲಿಯ ಕೆಳಗೆ ಕೈ ಇಟ್ಟರು.

"ಹ್ಞಾಂ, ಹೇಳು. ಮುದುಕಿದು ಏನಾತು?"

"ಗೌಡ್ರ, ಅದು ದೊಡ್ಡಪ್ಪನ ಕಥಿ..."

"ಅಂವಗ ಮಾತು ನಿಂತಾವಂತ ಗೊತ್ತೈತಿ. ನೀ ಅವನ ಮಗ್ಗಲದಾಗ ಕುಂತು ಕೇಳಿಲ್ಲೇನು? ಹೇಳು."

ಹೇಳಿದೆ. ಬೇರೆ ದಾರಿ ಇರಲಿಲ್ಲ. ಮೊದಲು ತೊದಲಿದೆ. ಆಮೇಲೆ ನನಗೇ ಅಚ್ಚರಿಯಾಗುವಂತೆ ಮುದುಕಿ ನನ್ನ ಬಾಯಲ್ಲಿ ಮಾತಾಡತೊಡಗಿದಳು. ಮಾಸ್ತರ ಸೋತ. ರೈಲಿನ ಮಾಲಿನ ಡಬ್ಬಿಯ ಬಾಗಿಲು ತೆರೆಯಿತು. ಗೌಡರು ಎಲೆ ಅಗಿಯುವುದನ್ನು ಬಿಟ್ಟರು. ಎಮ್ಮೆಯ ಮುಂಗಾಲೆರಡು ಡಬ್ಬಿಯೊಳಗೆ, ಹಿಂಗಾಲೆರಡು ಪ್ಲಾಟ್‌ಫಾರ್ಮಿನ ಮೇಲೆ, ಅಷ್ಟರಲ್ಲಿ ಗಾಡಿ ಸಿಳ್ಳೆ ಹಾಕಿ ಅಲುಗಾಡಿತು! ಆ ಎಮ್ಮೆಯನ್ನು ಉಳಿಸಿಕೊಳ್ಳಬೇಕೆಂಬ ಆವೇಶದಲ್ಲಿ ನಾನು ಕೈಗೆ ಸಿಕ್ಕದ್ದನ್ನು ಗಟ್ಟಿಯಾಗಿ ಹಿಡಿದೆ. ಕೈಗೆ ಸಿಕ್ಕದ್ದು ವಲ್ಲಿಯ ಕೆಳಗಿನ ಗೌಡರ ಐದೂ ಬೆರಳು.

ಮುದುಕಿ ಎಮ್ಮೆ ಸಮೇತ ಹರಿಹರ ಮುಟ್ಟಿ, ಮಗಳು ಬಾಗಿಲಿಗೆ ಬಂದು, ಕಥೆ ಮುಗಿದ ಮೇಲೆಯೇ ನನಗೆ ನನ್ನ ಕೈಯ ನೆನಪಾದದ್ದು. ಐದು ಅಂದರೆ ಆ ಸುಗ್ಗಿ ಪೂರಾ ನಷ್ಟ. ಕೈ ಹಿಂದೆ ತಗೊಂಡರೆ ದೊಡ್ಡಪ್ಪನ ವಲ್ಲಿಗೆ ಮರ್ಯಾದೆ ಇಲ್ಲ. ಗೌಡರು ವಲ್ಲಿಯ ಮೇಲೊಮ್ಮೆ, ನನ್ನ ಮುಖದ ಮೇಲೊಮ್ಮೆ ಕಣ್ಣಾಡಿಸಿದರು. ಸುತ್ತ ನಿಂತವರಿಗೆ ಏನೂ ತಿಳಿದಿರಲಿಲ್ಲ.

"ತಮ್ಮಾ," ಅಂದರು ನನಗಷ್ಟೇ ಕೇಳುವಂತೆ, "ಈಗ ಅದುಮಿದ್ದು ಮುದುಕಿ. ಮುದುಕಿಗೆ ನಾ ಭತ್ತ ಮಾರಾಕ ಬಂದಿಲ್ಲ. ನಿನ್ನ ಬೆರಳು ಕೊಡು."

ನಾನು ನಾಲ್ಕು ಬೆರಳು ಅದುಮಿದೆ. ಗೌಡರು ಹೂಂ ಅಂದು ಎದ್ದು ಬಂಡಿ ಬಿಚ್ಚಿಸಿದರು. ನಾಲ್ಕು ವರ್ಷ ದೊಡ್ಡಪ್ಪ ಆಡಿದ ಮಾತು ಅವತ್ತು ನನ್ನ ಮಾನ ಕಾಯಿತು. ಅಂಥ ಮಾತಿಗೆ ನಾನು ಆಕಳಿಸಿದ್ದೆ.

ಮನೆಗೆ ಓಡಿಹೋಗಿ ದೊಡ್ಡಪ್ಪನ ಮುಂದೆ ಎಲ್ಲ ಒದರಿದೆ. ಐದು ಬೆರಳಿನ ಸಂಗತಿಗೆ ಅವನು ಹೊಟ್ಟೆ ಹಿಡಿದುಕೊಂಡು ಸಪ್ಪಳಿಲ್ಲದೆ ನಕ್ಕ. ಮುದುಕಿ ಹರಿಹರ ಮುಟ್ಟಿದಳು ಅಂದದ್ದೇ ತಡ, ನಗು ನಿಂತಿತು. ಪಾಟಿ ಎಳಕೊಂಡು ಬರೆದ: "ಆಕೀನ್ನ ಯಾಕ ಹತ್ತಿಸಿದಿ?" ಅದನ್ನು ಅಳಿಸಿ ಮತ್ತೆ ಬರೆದ: "ಗೌಡ ಇನ್ನ ಯಾಕ ಬರತಾನ?"

ಆ ವರ್ಷವಿಡೀ ನನಗೆ ಉಂಡ ಅನ್ನ ರುಚಿಸಲಿಲ್ಲ. ನಾಲ್ಕು ಸುಗ್ಗಿ ಜೋಪಾನ ಮಾಡಿದ ಮುದುಕಿಯನ್ನು ಒಂದೇ ಮುಂಜಾನೆಗೆ ಸಾಗಹಾಕಿದ್ದೆ. ಮುಂದಿನ ಸುಗ್ಗಿಗೆ ದೊಡ್ಡಪ್ಪ ಗಂಟಲು ನೆಟ್ಟಗಾಗಿ ಗಾದಿಯ ಮೇಲೆ ಕೂತಿದ್ದ, ನಾನು ಬೀದಿ ನೋಡುತ್ತ ನಿಂತಿದ್ದೆ. ಮಾಸೂರಿನ ಬಂಡಿಗಳು ಬಂದವು. ಗೌಡರು ದೊಡ್ಡಪ್ಪನಿಗೆ ಶರಣು ಅಂದು, ಕೂತು, ನೀರು ಕುಡಿದು, ನನ್ನ ಕಡೆ ತಿರುಗಿದರು.

"ಒಂದು ವರ್ಷಾತು ವಿಚಾರ ಮಾಡಾಕತ್ತೇನಿ ತಮ್ಮಾ. ಮುದುಕಿ ಮುಟ್ಟಿದ್ಲು, ಖರೆ. ಹೊಸಾ ಊರಾಗ ಆ ಎಮ್ಮಿ ಹಾಲು ಕೊಡ್ತೋ ಇಲ್ಲೋ?"

ದೊಡ್ಡಪ್ಪ ಸ್ವಲ್ಪ ಸರಿದು ಗಾದಿಯ ಮೇಲೆ ನನಗೆ ಜಾಗ ಮಾಡಿದ. ಗೌಡರ ಕೈ ಮಾತ್ರ ತಾನೇ ಹಿಡಿದು ಅದರ ಮೇಲೆ ವಲ್ಲಿ ಹೊದಿಸಿಕೊಂಡ.

"ಬಾಯಿ ನಿಂದು ಇರ್ಲಿ," ಅಂದ, "ಕೈ ಬ್ಯಾಡ."

ಎಮ್ಮೆ ಆ ವರ್ಷ ಹಾಲು ಕೊಡಲಿಲ್ಲ, ಅದರ ಮರುವರ್ಷವೂ ಕೊಡಲಿಲ್ಲ. ಅಷ್ಟು ಬುದ್ಧಿ ನನಗೂ ಬಂದಿತ್ತು. ಅವತ್ತಿನಿಂದ ಕಥೆ ಹೇಳುವಾಗ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡೇ ಕೂಡುತ್ತೇನೆ. ಇದನ್ನು ಬರೆಯಲಿಕ್ಕೆಂದು ಬಲಗೈಯೊಂದನ್ನು ಹೊರಗೆ ತೆಗೆದಿದ್ದೇನೆ, ಎಡಗೈ ಇನ್ನೂ ಅಲ್ಲೇ ಇದೆ.