ಸೆಲ್ಲು ಮುಗಿದಾಗ ಕಲಿತ ಹಾಡು

ನಮ್ಮ ಕಾಕಾ ಒಂದು ಇಂಗ್ಲಿಷ್ ಹಾಡನ್ನು ಕೊಂದರು ಎಂದು ಭಾಲ್ಕಿಯಲ್ಲಿ ಇಂದಿಗೂ ಹೇಳುವವರಿದ್ದಾರೆ. ನಾನು ಕಾಕಾನ ಪರವಾದ ಸಾಕ್ಷಿ. ತೊಂದರೆ ಏನೆಂದರೆ, ಆ ಹಾಡನ್ನು ತಂದು ಅವರ ಕೈಗೆ ಕೊಟ್ಟವನೂ ನಾನೇ! ಅಂಥ ಸಾಕ್ಷಿಯನ್ನು ಯಾರು ನಂಬುತ್ತಾರೆ? ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆ ಕಾಲದ ಡೈರಿ ಎದುರಿಗಿದೆ; ಅದು ಒಂದು ಹೇಳಿದರೆ ತಲೆ ಇನ್ನೊಂದು ಹೇಳುತ್ತದೆ.

ಕಾಕಾ ಲಗ್ನದ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ನಾನು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೆ. ಒಂದು ರಜೆಗೆ ಬರುವಾಗ ಹಾಸ್ಟೆಲ್ ಗೆಳೆಯನಿಂದ ಕ್ಯಾಸೆಟ್ ತಂದೆ. ಅದರಲ್ಲೊಂದು ಹಳೆಯ ರಾಕ್ ಹಾಡು. ಗಿಟಾರುಗಳು ಕಿರುಚುತ್ತಿದ್ದವು, ಡ್ರಮ್ಮಿನವನು ತಗಡಿನ ಶೆಡ್ಡು ಕೆಡವುವವನಂತೆ ಬಡಿಯುತ್ತಿದ್ದ, ಹಾಡುವವನ ಬೆನ್ನಿಗೆ ಹುಲಿ ಬಿದ್ದಿತ್ತು. ಆದರೆ ಕಾಕಾ ಕೇಳಿದ್ದು ಈ ಹಾಡನ್ನಲ್ಲ!

ಅದು ಬರದ ಮೊದಲ ವರ್ಷ. ಕರೆಂಟು ಅತಿಥಿಯ ಹಾಗೆ ಬಂದು ಹೋಗುತ್ತಿತ್ತು. ಟೇಪ್ ರೆಕಾರ್ಡರಿಗೆ ಸೆಲ್ಲೇ ಗತಿ. ಹಳೆಯ ಸೆಲ್ಲುಗಳನ್ನು ಹಪ್ಪಳದಂತೆ ಮಾಳಿಗೆಯ ಮೇಲೆ ಒಣಗಿಸಿ ಮತ್ತೆ ಹಾಕುತ್ತಿದ್ದೆವು. ಬಿಸಿಲಿಗೇನು ಬರವೇ? ಆದರೂ ಸತ್ತ ಸೆಲ್ಲು ಎಷ್ಟು ಎದ್ದೀತು! ಹಾಡು, ಉಂಡು ಮಲಗಿದ ಎಮ್ಮೆ ಮೆಲುಕು ಹಾಕಿದಂತೆ ಹೊರಟಿತು. ಇಪ್ಪತ್ತರ ತರುಣನ ದನಿ ಎಪ್ಪತ್ತರ ಮುದುಕನದಾಯಿತು. ನಾನು ನಾಚಿ ಬಂದ್ ಮಾಡಲು ಹೋದರೆ ಕಾಕಾ ಕೈ ಹಿಡಿದರು.

“ಏನಂತಾನಪಾ ಇವ?”

“ಊರ ಬಿಟ್ಟು ಹೊಂಟೇನಿ ಅಂತಾನ, ಕಾಕಾ.”

“ಖರೇ ಅದ. ದನಿ ಕೇಳಿದ್ರೇ ತಿಳಿತದ.”

ಎಂಟು ದಿನದಲ್ಲಿ ಹಾಡು ಕ್ಲಾರಿನೆಟ್ಟಿನೊಳಗೆ ಇಳಿದಿತ್ತು. ಮಂದ್ರದಲ್ಲಿ, ಒಂದೊಂದು ಸ್ವರಕ್ಕೂ ಕೂತು ನೀರು ಕುಡಿದು ಎದ್ದಷ್ಟು ಹೊತ್ತು.

ಮುಂದಿನ ರಜೆಗೆ ಹೊಸ ಸೆಲ್ಲು ತಂದು ಹಾಕಿದೆ. ಹಾಡು ತನ್ನ ನಿಜವಾದ ವೇಗದಲ್ಲಿ ಹಾರಿಬಿತ್ತು. ಕಾಕಾ ಕಿವಿ ಮುಚ್ಚಿಕೊಂಡರು.

“ಬಂದ್ ಮಾಡು! ಯಾರಿವ್ರು, ಹಾಡ ಹಾಳ ಮಾಡಾವ್ರು?”

“ಕಾಕಾ, ಇದೇ ಅಸಲಿ.”

“ಊರ ಬಿಡಾವ ಹಿಂಗ ಓಡ್ತಾನೇನು? ತಿರುಗಿ ತಿರುಗಿ ನೋಡಕೋತ ಹೋಗ್ತಾನ. ನಿನಗ ಇಂಗ್ಲಿಷ್ ಬರ್ತದಲ್ಲ, ಅವ್ರಿಗಿ ಒಂದು ಕಾಗದ ಬರಿ. ಸಾವಕಾಶ ಹಾಡ್ರಿ ಅಂತ.”

ಬರೆದೆ ಎಂದು ಸುಳ್ಳು ಹೇಳಿದೆ. ಉತ್ತರ ಬಂತೇನು ಎಂದು ಎಷ್ಟೋ ತಿಂಗಳು ಕೇಳುತ್ತಿದ್ದರು!

ಬ್ಯಾಂಡಿನಲ್ಲಿ ಇದನ್ನು ವಿರೋಧಿಸಿದವನು ಧೋಂಡಿಬಾ. ಔರಾದಿನವನು, ಇಪ್ಪತ್ತು ವರ್ಷದಿಂದ ಕಾಕಾನ ಪಕ್ಕದಲ್ಲಿ ಡ್ರಮ್ಮು ಬಾರಿಸಿದವನು. “ನಿನ್ನ ಹಾಡಿನ ಎರಡು ಪೆಟ್ಟಿನ ನಡುವ ನಾ ಔರಾದಕ್ಕ ಹೋಗಿ ಉಂಡು ಬರ್ತೇನಿ ನೋಡು” ಎನ್ನುತ್ತಿದ್ದ. “ಹಂಗಾರ ನನಗೂ ಎರಡು ರೊಟ್ಟಿ ಕಟ್ಟಿಕೊಂಡ ಬಾ” ಎನ್ನುತ್ತಿದ್ದರು ಕಾಕಾ.

ಬೀದರದ ಗಾಂಧಿ ಗಂಜ್ ಪೇಟೆಯಲ್ಲಿ ಒಂದು ಲಗ್ನದ ಮೆರವಣಿಗೆ. ಕಾಕಾ ಇದ್ದಕ್ಕಿದ್ದಂತೆ ಆ ಹಾಡನ್ನೇ ಎತ್ತಿದರು. ಕುಣಿಯುತ್ತಿದ್ದವರು ಒಂದು ಕಾಲೆತ್ತಿ ನಿಂತರು. ಆ ಕಾಲನ್ನು ಯಾವಾಗ ಇಳಿಸಬೇಕೆಂದು ಯಾರಿಗೂ ತಿಳಿಯದು! ಮದುಮಗನ ಕುದುರೆ ನಿದ್ದೆ ಹೋಯಿತೆಂದು ನನ್ನ ನೆನಪು. ಡೈರಿಯಲ್ಲಿ ‘ಕುದುರೆ ನಿಂತಿತು’ ಎಂದಷ್ಟೇ ಇದೆ. ಮದುಮಗನ ಮಾವ ಕೂಗಿದ:

“ಏ ಮಾಸ್ತರ, ಇದು ಲಗ್ನ ಅದನೋ, ಹೆಣದ ಮಯ್ಯತ್ತೋ?”

“ಲಗ್ನಾನೇ ಅದ ರೀ. ಮಯ್ಯತ್ತಿನಾಗ ಮಂದಿ ಇಷ್ಟು ಒದರಲ್ಲ.”

ಜೋಳದ ಚೀಲ ಹೊತ್ತ ಹಮಾಲರು ಮಾತ್ರ ಆ ಲಯಕ್ಕೆ ಹೆಜ್ಜೆ ಹಾಕುತ್ತ ದಾಟಿಹೋದರು. ಒಬ್ಬ ಮುದುಕ ಹಮಾಲ ಹಿಂತಿರುಗಿ, “ಇನ್ನೊಂದ್ಸಲ ಬಾರಸ್ರಿ, ಹೊರಿ ಹಗುರಾಗ್ತದ” ಎಂದ. ಕಾಕಾ ಧೋಂಡಿಬಾನ ಕಡೆ ನೋಡಿದ ನೋಟಕ್ಕೆ ಪದಕವೊಂದೇ ಕಡಿಮೆ!

ಎರಡನೆಯ ವರ್ಷವೂ ಮಳೆ ಕೈಕೊಟ್ಟಿತು. ಲಗ್ನಗಳು ನಿಂತವು. ಬ್ಯಾಂಡಿನವರು ಒಬ್ಬೊಬ್ಬರಾಗಿ ಹೈದರಾಬಾದಿನ ಬಸ್ಸು ಹತ್ತಿದರು. ಕೊನೆಗೆ ಧೋಂಡಿಬಾನೂ ಹೆಂಡತಿಯ ಜೊತೆ ಹೊರಟು ನಿಂತ. ಹೋಗುವ ಹಿಂದಿನ ದಿನವೇ ಒಬ್ಬಳೇ ಮಗಳು ಶಶಿಕಲಾಳ ಲಗ್ನ ಇಟ್ಟುಕೊಂಡ. ಮನೆಯಂಗಳ, ಎರಡೂ ಕಡೆಯಿಂದ ಹತ್ತು ಜನ.

“ಬಾಜಾ ಇಲ್ಲ” ಎಂದು ಕಾಕಾನಿಗೆ ಹೇಳಿದ, ಮುಖ ನೋಡದೆ. “ಬಾರಸವ್ರ ಯಾರ ಉಳದಾರ? ಸುಮ್ಮ ಊಟಕ್ಕ ಬಾ.”

ಊರವರೆಲ್ಲರ ಮಕ್ಕಳ ಲಗ್ನಕ್ಕೆ ಬಾರಿಸಿದವನ ಮಗಳು ಸದ್ದಿಲ್ಲದೆ ಹೋಗಬೇಕೆ? ಕಾಕಾ ಆ ವಾರವೆಲ್ಲ ನೆಟ್ಟಗೆ ಉಣ್ಣಲಿಲ್ಲ. ನನ್ನ ಜೊತೆ ಔರಾದಿಗೆ ಹೊರಟಾಗ ಅವರ ಬಗಲಲ್ಲಿ ಉದ್ದನೆಯ ಚೀಲ. ಅಂಗಳದಲ್ಲಿ ಯಾರೋ ಕೇಳಿದರು, “ಏನದ ರೀ ಅದು?”

“ಛತ್ರಿ.”

ಎರಡು ವರ್ಷ ಹನಿ ಬೀಳದ ಆಕಾಶವನ್ನು ಎಲ್ಲರೂ ಒಮ್ಮೆ ನೋಡಿದರು!

ಊಟವಾಯಿತು. ಮಧ್ಯಾಹ್ನ, ಗಂಡಿನ ಊರು ಕಮಠಾಣಕ್ಕೆ ಹೋಗುವ ಜೀಪು ಬಂದು ನಿಂತಿತು. ಶಶಿಕಲಾ ಹೊಸ್ತಿಲು ದಾಟಿದ್ದೇ ಛತ್ರಿ ಕ್ಲಾರಿನೆಟ್ಟಾಯಿತು. ಅದೇ ಹಾಡು. ಗಂಡಿನ ಕಡೆಯವರು ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಅವಸರದ ಜೀಪಿನ ಮುಂದೆ ಅವಸರವೇ ಇಲ್ಲದ ಹಾಡು. ಹುಡುಗಿಗೆ ಹೆಜ್ಜೆಹೆಜ್ಜೆಗೂ ತಿರುಗಿ ನೋಡಲು ಬೇಕಾದಷ್ಟು ಹೊತ್ತಿತ್ತು.

ಧೋಂಡಿಬಾ ಗೋಡೆಗೆ ಒರಗಿ, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. ಕಾಕಾ ನಡುವೆಯೇ ನಿಲ್ಲಿಸಿದರು.

“ಧೋಂಡ್ಯಾ, ತಾಳ ಎಲ್ಲಿ? ಒಬ್ಬಾವೇ ಎಷ್ಟಂತ ಎಳೀಲಿ?”

“ಹುಚ್ಚ ಹಿಡದದೇನು? ಹೆಣ್ಣಿನ ಅಪ್ಪ ಬಾರಸ್ತಾನೇನು? ಮಂದಿ ನಗ್ತಾರ.”

“ಅಳಲಿಕ್ಕಿ ಬರ್ತದ, ಬಾರಸ್ಲಿಕ್ಕಿ ಬರಲ್ಲೇನು?”

ಶಶಿಕಲಾಳೇ ಹೇಳಿದಳು: “ಬಾರಸಪ್ಪಾ.”

ಹೈದರಾಬಾದಿಗೆ ಕಟ್ಟಿಟ್ಟಿದ್ದ ಗಂಟುಗಳ ನಡುವಿನಿಂದ ಧೋಂಡಿಬಾ ಡ್ರಮ್ಮು ಎಳೆದ. ಸುತ್ತಿದ್ದ ಕೌದಿ ಬಿಚ್ಚಿ, ಡ್ರಮ್ಮನ್ನು ಕೊರಳಿಗೆ ಹಾಕಿಕೊಂಡ. ಒಂದು ಪೆಟ್ಟು. ಬಹಳ ಹೊತ್ತಿನ ಮೇಲೆ ಇನ್ನೊಂದು. ಅವನು ಅಷ್ಟು ನಿಧಾನವಾಗಿ ಬಾರಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಜೀಪಿನ ಡ್ರೈವರ್ ಹಾರ್ನಿನ ಮೇಲಿಟ್ಟ ಕೈಯನ್ನು ತೆಗೆದ. ಇದು ನನಗೆ ಚೆನ್ನಾಗಿ ನೆನಪಿದೆ, ಡೈರಿಯಲ್ಲಿ ಇಲ್ಲದಿದ್ದರೂ.

ಜೀಪು ತಿರುವಿನಲ್ಲಿ ಮರೆಯಾಯಿತು. ಧೂಳು ಕೂತಿತು. ಧೋಂಡಿಬಾ ಡ್ರಮ್ಮು ಇಳಿಸಲು ಹೋದ. ಕಾಕಾ ಮತ್ತೆ ಮೊದಲ ಸ್ವರವನ್ನೇ ಹಿಡಿದರು.

“ಸಾಕ ಬಿಡೋ” ಎಂದ ಧೋಂಡಿಬಾ. “ಅಕಿ ಹೋದಳಲ್ಲ.”

ಕಾಕಾ ಕ್ಲಾರಿನೆಟ್ಟನ್ನು ತುಟಿಯಿಂದ ತುಸುವೇ ಸರಿಸಿದರು.

“ಅಕಿದು ಮುಗೀತು. ಇದು ನಿಂದು.”