ಮಾವನ ರೈಲಿಗೆ ಅಳಿಯನ ಗ್ರೀಸು

ನನ್ನ ಮಾವ ಜಟ್ಟು ಅವರಿಗೆ ನನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿ ಇತ್ತು. ಅವರಿಗೆ ಇರುವುದು ಕನಿಕರ. ಮದುವೆಯಾದ ಹೊಸದರಲ್ಲಿ ಬೆಳಂಬಾರದ ಅವರ ಮನೆಯಲ್ಲಿ ಬಲ್ಬು ಬದಲಿಸಲು ಹೋಗಿ ಇಡೀ ಕೇರಿಯ ಕರೆಂಟು ತೆಗೆದವನು ನಾನು. (ಕೇರಿಯದ್ದಲ್ಲ, ಅಕ್ಕಪಕ್ಕದ ಮನೆಗಳದ್ದು ಮಾತ್ರ. ಮಾವ ಹೇಳುವಾಗ ಅದು ಅಂಕೋಲಾ ತಾಲೂಕಿನಷ್ಟು ಅಗಲವಾಗುತ್ತದೆ.) ಅಂದಿನಿಂದ ನಾನು ಅಲ್ಲಿ ಎದ್ದು ಫ್ಯಾನಿನ ಸ್ವಿಚ್ಚಿನ ಕಡೆ ನಡೆದರೂ ಸಾಕು, "ರಾಮಾ, ನೀ ಕೂತ್ಕೊ. ಬೇರೆ ಯಾರಾದ್ರೂ ಹಾಕ್ತ್ರು" ಎನ್ನುತ್ತಾರೆ.

ಕಾರವಾರದ ಬಂದರಿಗೆ ಹೋಗುವ ದಾರಿಯಲ್ಲಿ ಬಲೆ, ಹಗ್ಗ, ಗಾಳ, ತಂಗೂಸಿ ಮಾರುವ ಅಂಗಡಿ ನನ್ನದು. (ತಂಗೂಸಿ ಎಂದರೆ ಗಾಳ ಕಟ್ಟುವ ನೈಲಾನ್ ದಾರ. ನೀರಿನಲ್ಲಿ ಮೀನಿಗೂ ಕಾಣದು.) ದೋಣಿಯ ಎಂಜಿನ್ ಬಿಚ್ಚುವ ಮಹಾಪಂಡಿತರೆಲ್ಲ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತೇ ಚಾ ಕುಡಿಯುವುದು. ಇಷ್ಟು ವರ್ಷ ಅವರ ಮಾತು ಕೇಳಿದ ಮೇಲೆ ಯಂತ್ರಶಾಸ್ತ್ರ ನನಗೂ ಸಿದ್ಧಿಸಿದೆ ಎಂದು ನಾನು ತಿಳಿದುಕೊಂಡದ್ದು ಸಹಜವೇ.

ಈ ಶಾಸ್ತ್ರವನ್ನು ಪ್ರಯೋಗಿಸಲು ಮನೆಯಲ್ಲೇ ಒಂದು ವಸ್ತು ಇತ್ತು. ಮಾವ ಹರೆಯದಲ್ಲಿ ಮುಂಬಯಿಯ ಸರಕು ಹಡಗಿನಲ್ಲಿ ಖಲಾಸಿಯಾಗಿದ್ದಾಗ ಜರ್ಮನಿಯ ಬಂದರೊಂದರಿಂದ ತಂದ ಆಟದ ರೈಲು. ಕಪ್ಪು ಕಬ್ಬಿಣದ ಎಂಜಿನ್, ಕೆಂಪು ಚಕ್ರ, ಎರಡು ಡಬ್ಬಿ, ಹಳಿ, ಕರೆಂಟು ಇಳಿಸಿ ಕೊಡುವ ಒಂದು ಟ್ರಾನ್ಸ್‌ಫಾರ್ಮರ್. ನಿಜವಾದ ರೈಲು ನಮ್ಮ ಜಿಲ್ಲೆಯ ಕರಾವಳಿಗೆ ಬರುವ ಎಷ್ಟೋ ಮೊದಲೇ ಈ ರೈಲು ಬೆಳಂಬಾರಕ್ಕೆ ಬಂದಿತ್ತು. ಪ್ರತಿ ಚೌತಿಗೆ ಅದು ಅವರ ಮನೆ ಗಣಪತಿಯ ಮುಂದೆ ಮೋದಕ ಹೊತ್ತು ಓಡುತ್ತಿತ್ತಂತೆ, ನೋಡಲು ಮಂಜಗುಣಿಯಿಂದಲೂ ಜನ ಬರುತ್ತಿದ್ದರಂತೆ. ಆಮೇಲೆ ಅದು ಕೆಟ್ಟಿತು. ಮಾವ ಮಗಳಿಗೆ ಕೊಟ್ಟರು, ಮಗಳು ನಮ್ಮ ಶೋಕೇಸಿನಲ್ಲಿ ಇಟ್ಟಳು.

ಈ ಸಲದ ಚೌತಿಗೆ ಮಾವ ನಮ್ಮಲ್ಲಿಗೆ ಬರುವವರಿದ್ದರು. ನನಗೆ ಫಕ್ಕನೆ ಹೊಳೆಯಿತು. ಅವರ ರೈಲನ್ನು ಅವರ ಕಣ್ಣೆದುರೇ ಓಡಿಸಿಬಿಟ್ಟರೆ ಬಲ್ಬಿನ ಕಳಂಕ ತೊಳೆದು ಹೋಗುತ್ತದೆ. ಅವತ್ತೇ ಫೋನು ಮಾಡಿ ಹೇಳಿದೆ.

"ಬೇಡ ಮಾರಾಯ," ಎಂದರು ಮಾವ. "ಅದ್ಕೆ ಕೈ ಹಚ್ಚೂದು ಬೇಡ. ಇದ್ದಲ್ಲೇ ಇರ್ಲಿ."

ಇಷ್ಟು ಹೇಳಿದ ಮೇಲೆ ಸುಮ್ಮನಿರಲು ನಾನೇನು ಕಲ್ಲೇ? ಊರಿಗೆಲ್ಲ ಹೇಳಿಬಿಟ್ಟೆ, ಚೌತಿಯ ಮರುದಿನ ಸಂಜೆ ಆರತಿಗೆ ಬನ್ನಿ, ರೈಲು ಓಡುತ್ತದೆ ಎಂದು.

"ಊರಿಗೆ ಹೇಳೂಕಿಂತ ಮೊದ್ಲು ರೈಲಿಗೊಂದು ಹೇಳ್ಬೇಕಿತ್ತು," ಎಂದಳು ನನ್ನ ಹೆಂಡತಿ ಮಂಗಲಾ.

"ನಿಮ್ಮಪ್ಪ ಹ್ಯಾಂಗೆ ಓಡಿಸ್ತಿದ್ರು, ಅದೊಂದು ಹೇಳು."

"ಎಂತ ಗೊತ್ತು ನಂಗೆ? ಅಪ್ಪ ಯಾವಾಗ್ಲೂ ಪರದೆ ಹಿಂದೇ ಇರ್ತಿದ್ರು. ಟ್ರಾನ್ಸ್‌ಫಾರ್ಮರ್ ನೋಡ್ಕಳೂಕೆ ಅಂತಿದ್ರು." ಹೇಳುವಾಗ ಅವಳ ತುಟಿಯ ಮೇಲೆ ಒಂದು ನಗು ಇತ್ತು. ತವರಿನ ನೆನಪಾಗಿರಬೇಕು ಎಂದು ನಾನು ಅದರ ಗೊಡವೆಗೆ ಹೋಗಲಿಲ್ಲ.

ನನ್ನ ವಿದ್ಯಾಭ್ಯಾಸ ಶುರುವಾಯಿತು. ಮಗಳು ಸಪ್ನಾ ಮೊಬೈಲಿನಲ್ಲಿ ಒಂದು ವಿಡಿಯೊ ಹುಡುಕಿ ಕೊಟ್ಟಳು. ಅದರಲ್ಲಿ ಬಿಳಿ ಗಡ್ಡದ ವಿದೇಶಿ ಅಜ್ಜನೊಬ್ಬ ಇಂಥದ್ದೇ ಎಂಜಿನ್ ಬಿಚ್ಚಿ ಜೋಡಿಸುತ್ತಾನೆ. ಅವನ ಭಾಷೆ ತಿಳಿಯದು, ಅದರ ಗದ್ದಲ ಬೇರೆ ಯಾಕೆ ಎಂದು ಸದ್ದು ಬಂದ್ ಮಾಡಿ ಕೈ ಮಾತ್ರ ನೋಡಿದೆ. ಅವನು ಬಿಚ್ಚಿದ, ನಾನೂ ಬಿಚ್ಚಿದೆ. ಅವನ ಮೇಜಿನ ಮೇಲೆ ಎಲ್ಲ ಭಾಗ ಸಾಲಾಗಿ ಕೂತವು. ನನ್ನ ಕಡೆಯಿಂದ ಒಂದು ಕೂದಲೆಳೆಯಂಥ ಸ್ಪ್ರಿಂಗು ಹಾರಿ ಅಡಿಗೆಮನೆಗೆ ಹೋಯಿತು. ಮನೆಮಂದಿಯೆಲ್ಲ ನೆಲದ ಮೇಲೆ ತೆವಳಿದೆವು. ಅದು ಒಣಸಿಗಡಿಯ ಡಬ್ಬಿಯಲ್ಲಿ ಸಿಕ್ಕಿತು. (ಸಿಗಡಿಯ ಮೀಸೆಗೂ ಅದಕ್ಕೂ ವ್ಯತ್ಯಾಸ ಗುರುತಿಸಿದ್ದು ಮಂಗಲಾ.) ಅಂತೂ ಅಜ್ಜ ಮಾಡಿದಂತೆಯೇ ಒರೆಸಿ, ತಿಕ್ಕಿ, ಹೋಗದ ಕಪ್ಪನ್ನು ಕಬ್ಬಿಣದ ಬಣ್ಣವೇ ಎಂದು ಬಿಟ್ಟು, ಮತ್ತೆ ಜೋಡಿಸಿದೆ.

ಕೊನೆಗೆ ಅಜ್ಜ ಸೂಜಿಯ ಮೊನೆಯಿಂದ ಚಕ್ರದ ಅಚ್ಚಿಗೆ ಒಂದೇ ಒಂದು ಹನಿ ಎಣ್ಣೆ ಬಿಟ್ಟ. ನನಗೆ ನಗು ಬಂತು. ಅದು ಜರ್ಮನಿಯ ಹವೆಗೆ ಸರಿ. ನಮ್ಮಲ್ಲಿ ಉಪ್ಪುಗಾಳಿ, ಕಿಟಕಿಯ ಸರಳನ್ನೇ ತಿಂದು ಮುಗಿಸುತ್ತದೆ. ಕಬ್ಬಿಣ ಕಂಡರೆ ಗ್ರೀಸು ಮೆತ್ತುವುದು ನಮಗೆ ಹುಟ್ಟಿನಿಂದ ಬಂದ ಗುಣ. ಅಂಗಡಿಯಿಂದ ದೋಣಿಯ ಹಳದಿ ಗ್ರೀಸಿನ ಡಬ್ಬ ತಂದು ಎಂಜಿನ್ನಿನ ಹೊಟ್ಟೆ, ಚಕ್ರ, ಹಳಿ, ಒಂದನ್ನೂ ಬಿಡದೆ ಧಾರಾಳವಾಗಿ ಬಳಿದೆ. ಆಮೇಲೆ ಸ್ವಿಚ್ ಹಾಕಿದೆ.

ರೈಲು ಅಲ್ಲಾಡಲಿಲ್ಲ. ಇನ್ನಷ್ಟು ಗ್ರೀಸು ಹಾಕಿದೆ. ಗಣಪತಿಯ ಪೂಜೆ ಮಾಡಿದೆ, ಎಂಜಿನ್ನಿನ ಪೂಜೆಯನ್ನೂ ಮಾಡಿದೆ. ಚೌತಿಯೂ ಬಂತು, ಬೆಳಂಬಾರದಿಂದ ಮಾವನೂ ಬಂದರು. ರೈಲು ಇದ್ದಲ್ಲೇ ಇತ್ತು.

ಮಾವ ಬಂದವರೇ ಗಣಪತಿಗೆ ಕೈ ಮುಗಿದು, ಅವನ ಸುತ್ತ ಹಾಸಿದ್ದ ಹಳಿಯ ಕಡೆ ಓರೆಗಣ್ಣಿನಲ್ಲಿ ನೋಡಿ, "ಆಯ್ತನಾ?" ಎಂದರು.

"ಆಯ್ತು ಮಾವ. ನಾಳೆ ಆರತಿಗೆ ಓಡ್ತದೆ," ಎಂದೆ. ಮಾವನ ಮುಖ ಯಾಕೋ ಸಪ್ಪಗಾಯಿತು.

ಮರುದಿನ ಬಾಳೆಹಣ್ಣು ತರಲು ಪೇಟೆಗೆ ಹೋದವನು ದಾರಿಯಲ್ಲಿ ಉಪಾಯ ಕಂಡುಕೊಂಡೆ. ಅಂಗಡಿ ತುಂಬ ತಂಗೂಸಿ ಇಟ್ಟುಕೊಂಡು ನಾನು ಕರೆಂಟನ್ನು ಯಾಕೆ ನಂಬಬೇಕು? ಎಂಜಿನ್ನಿನ ಮೂತಿಗೆ ತಂಗೂಸಿ ಕಟ್ಟಿ, ಇನ್ನೊಂದು ತುದಿಯನ್ನು ಗಣಪತಿಯ ಬಲಗಡೆಯ ಪರದೆಯ ಅಡಿಯಿಂದ ಒಳಗೆ ಎಳೆದುಕೊಂಡು ಕೂತರೆ ಆಯಿತು. ಮಂಗಲಾ ಸ್ವಿಚ್ ಹಾಕುತ್ತಾಳೆ, ನಾನು ಎಳೆಯುತ್ತೇನೆ, ರೈಲು ದೇವರ ಮುಂದೆ ಒಮ್ಮೆ ಹಾದು ಬರುತ್ತದೆ. ಆಮೇಲೆ ಟ್ರಾನ್ಸ್‌ಫಾರ್ಮರ್ ಕಾದಿದೆ ಎಂದರೆ ಮುಗಿಯಿತು. ಸಂಜೆ ಯಾರೂ ಇಲ್ಲದಾಗ ಗಂಟು ಹಾಕಿದೆ. ಎಂಜಿನ್ ಕೈಗೆ ಜಾರಲಿಲ್ಲ, ಹೊಸದರಂತೆ ಹೊಳೆಯುತ್ತಿತ್ತು. ಎಲ್ಲ ನನ್ನ ಗ್ರೀಸಿನ ಮಹಿಮೆ ಎಂದುಕೊಂಡೆ.

ಆರತಿಗೆ ಮನೆ ತುಂಬಿತು. ನಾನು ಮಂಗಲಾಗೆ, "ಗಂಟೆ ನಿಂತ ಕೂಡ್ಲೆ ಸ್ವಿಚ್ ಹಾಕು. ನಾ ಪರದೆ ಹಿಂದೆ ಇರ್ತೆ, ಟ್ರಾನ್ಸ್‌ಫಾರ್ಮರ್ ನೋಡ್ಕಳೂಕೆ" ಎಂದೆ. ಅವಳು ನನ್ನನ್ನೇ ಒಂದು ಕ್ಷಣ ನೋಡಿ, "ಆಯ್ತು" ಎಂದಳು.

ಪರದೆಯ ಹಿಂದೆ ಸೆಖೆ. ಅಂಗಿ ಕಳಚಿ ಬನಿಯನ್ನಿನಲ್ಲಿ ಕೂತೆ. ಗಾಳ ಹಾಕಿ ಕೂತವನು ತಂಗೂಸಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಳ್ಳುವುದು ನಮ್ಮ ಕಡೆಯ ರೂಢಿ. ಕೈ ಬೀಡಿಗೆ ಖಾಲಿ ಇರುತ್ತದೆ, ಮೀನು ಕಚ್ಚಿದರೆ ಕಾಲಿಗೇ ತಿಳಿಯುತ್ತದೆ. ನಾನೂ ಅಭ್ಯಾಸಬಲದಿಂದ ಸುತ್ತಿಕೊಂಡು, ದಾರ ಬಿಗಿಮಾಡಿ, ಕೈಯಿಂದ ಬೆವರು ಒರೆಸಿಕೊಳ್ಳುತ್ತಿದ್ದೆ. ಗಂಟೆ ನಿಂತಿತು. ಸ್ವಿಚ್ಚಿನ ಸದ್ದು ಕೇಳಿತು. ನಾನು ಇನ್ನೂ ಎಳೆದಿರಲಿಲ್ಲ.

ಹೆಬ್ಬೆರಳನ್ನು ಯಾರೋ ಆ ಕಡೆ ಜಗ್ಗಿದರು.

ಆ ಕ್ಷಣದಲ್ಲಿ ರೈಲು, ಮಾವ, ಗಣಪತಿ ಎಲ್ಲ ಮರೆತುಹೋಯಿತು. ಏಳು ವರ್ಷದವನಿದ್ದಾಗಿನಿಂದ ಗಾಳ ಹಾಕಿದ ಕಾಲು ಅದು. ಜಗ್ಗಿತೆಂದರೆ ಮೀನು, ಮೀನೆಂದರೆ ಝಾಡಿಸಿ ಎಳೆಯಬೇಕು. ಎರಡೂ ಕೈಯಲ್ಲಿ ತಂಗೂಸಿ ಹಿಡಿದು ಬಲವಾಗಿ ಎಳೆದೆ. ಹಳಿಯ ಮೇಲಿನಿಂದ ರೈಲು ಹಾರಿ ಬಂದು ಪರದೆಗೆ ಬಡಿಯಿತು, ಪರದೆಯ ಕೋಲು ಕಳಚಿತು, ಪರದೆ ಕೆಳಗೆ ಬಂತು. ಬಂದ ಭಕ್ತಾದಿಗಳಿಗೆಲ್ಲ ನನ್ನ ದರ್ಶನವಾಯಿತು. ಬನಿಯನ್ನು, ಮೇಲೆತ್ತಿದ ಕೈ, ಕೈಯಿಂದ ಇಳಿದ ತಂಗೂಸಿಯ ತುದಿಯಲ್ಲಿ ತೂಗಾಡುವ ಎಂಜಿನ್.

ಮಾವ ಎದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರು ನಿಧಾನವಾಗಿ ಹತ್ತಿರ ಬಂದು, ತಂಗೂಸಿಯನ್ನು ಎರಡು ಬೆರಳಿನ ನಡುವೆ ತಿಕ್ಕಿ ನೋಡಿದರು.

"ಇದು ಎಷ್ಟು ನಂಬರಿಂದು?"

"ನಲವತ್ತು, ಮಾವ."

"ದಪ್ಪ ಆಯ್ತು. ಬೆಳಕಿಗೆ ಕಾಣ್ತದೆ. ನಾ ಇಪ್ಪತ್ತೈದರದ್ದು ಹಾಕ್ತಿದ್ದೆ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮಾವ ಅಲ್ಲೇ ನೆಲದ ಮೇಲೆ ನನ್ನ ಪಕ್ಕ ಕೂತುಬಿಟ್ಟರು. "ಅದು ಬೆಳಂಬಾರದಲ್ಲಿ ಒಂದಿನವೂ ಓಡಿದ್ದಿಲ್ಲ ಮಾರಾಯ. ಜರ್ಮನಿ ಅಂಗಡಿಲಿ ಓಡ್ತಿತ್ತು, ಮನೆಗೆ ತಂದ್ಮೇಲೆ ನಿಂತೇಹೋಯ್ತು. ಮಗ್ಳು ಆಸೆಯಿಂದ ನೋಡ್ತಾ ಕೂತಿತ್ತು. ಎಂತ ಮಾಡೂದು? ಎಳ್ದೆ."

"ಶಾಲೆಲಿ ಮೂರನೇತ್ತೆಯಲ್ಲಿದ್ದಾಗ್ಲೇ ನಂಗೆ ಗೊತ್ತಾಗಿತ್ತು ಅಪ್ಪಾ," ಎಂದಳು ಮಂಗಲಾ. "ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಆದ್ರೆ ನಿಮಗೆ ಯಾರು ಎಳಿಯೂಕೆ ಹೇಳಿದ್ರು? ಅದು ಓಡ್ತಿತ್ತಲಾ."

ನನ್ನ ಕೈಯಿಂದ ಎಂಜಿನ್ ಬಿಡಿಸಿ, ಹಲ್ಲಿನಿಂದ ತಂಗೂಸಿ ಕಡಿದು, ಅದನ್ನು ಹಳಿಯ ಮೇಲಿಟ್ಟು ಸ್ವಿಚ್ ಹಾಕಿದಳು. ರೈಲು ಎಡಕ್ಕೆ ಹೊರಟಿತು. (ಬಲಕ್ಕೆ ಬರುತ್ತದೆ ಎಂದು ನಾನೇ ತೀರ್ಮಾನಿಸಿದ್ದೆ, ರೈಲನ್ನು ಯಾರೂ ಕೇಳಿರಲಿಲ್ಲ.) ಗಿರ್ರೆನ್ನುತ್ತ ಗಣಪತಿಗೆ ಒಂದು ಸುತ್ತು ಬಂತು, ಇನ್ನೊಂದು ಬಂತು. ಮಾವ ಬಾಯಿ ತೆರೆದುಕೊಂಡು ನೋಡಿದರು. ಕಣ್ಣು ಒರೆಸಿಕೊಂಡರು.

"ಹ್ಯಾಂಗೆ ಆಯ್ತು ಇದು?" ಎಂದರು.

"ಜಿಡ್ಡಿನ ಸಾಮಾನು ದೇವ್ರ ಮುಂದೆ ಇಡೂಕೆ ಆಗ್ತದಾ? ಇವ್ರು ಪೇಟೆಗೆ ಹೋದಾಗ ಎಲ್ಲಾ ಸೀಮೆಎಣ್ಣೆ ಹಾಕಿ ಒರ್ಸ್‌ದೆ. ಸ್ವಿಚ್ ಹಾಕಿ ನೋಡ್ದೆ, ಓಡ್ತು. ಮೇಲೊಂದು ಹಳದಿ ಗ್ರೀಸು, ಇವ್ರದ್ದು. ಅಡಿಗೆ ಕಲ್ಲಾದ ಹಾಂಗೆ ಕರಿ ಗ್ರೀಸು. ಅದು ಯಾರದ್ದು ಅಪ್ಪಾ?"

ಮಾವ ಗಣಪತಿಯ ಕಡೆ ನೋಡಿದರು. "ಉಪ್ಪುಗಾಳಿ ಅಲಾ," ಎಂದರು ಮೆಲ್ಲಗೆ. "ತಂದ ದಿನವೇ ಹಚ್ಚಿದ್ದೆ."

ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ ಕರೆಂಟು ಹೋಗಬೇಕು, ನಡುವೆ ಗ್ರೀಸಿದ್ದರೆ ಹೋಗುವುದಿಲ್ಲ ಎಂದು ಆ ಗಡ್ಡದ ಅಜ್ಜ ಬಾಯಿ ಹರಿಯುವಷ್ಟು ಹೇಳಿದ್ದನಂತೆ. ಕೆಳಗೆ ಅಕ್ಷರದಲ್ಲೂ ಬರುತ್ತಿತ್ತಂತೆ, ಸಪ್ನಾ ಓದಿ ಅಮ್ಮನಿಗೆ ಹೇಳಿದ್ದಳಂತೆ.

"ಓಡ್ತದೆ ಅಂತ ನಂಗೊಂದು ಹೇಳ್ಬಾರ್ದಿತ್ತಾ?" ಎಂದೆ.

"ಅಪ್ಪನ ಮುಂದೆ ನೀವೇ ರಿಪೇರಿ ಮಾಡಿದ್ದು ಅಂತ ಆಗ್ಲಿ ಅಂತ ಸುಮ್ಮನಿದ್ದೆ. ಸುಮ್ಮನೆ ಕೂತಿದ್ರೆ ಸಾಕಿತ್ತು ನೀವು."

ನಾಚಿಕೆಯಾಗಬೇಕಿತ್ತು. ನಿಜ ಹೇಳುತ್ತೇನೆ, ಆಗಲಿಲ್ಲ. ಎದೆಯ ಮೇಲಿನ ಬಂಡೆ ಇಳಿದಷ್ಟು ಹಗುರವಾಯಿತು. ಯಾಕೆಂದರೆ ಮಾವ ನನ್ನ ಪಕ್ಕದಲ್ಲೇ ಕೂತಿದ್ದರು, ಅವರ ಕಣ್ಣಿನಲ್ಲಿ ಆ ಹಳೆಯ ಕನಿಕರ ಇರಲಿಲ್ಲ. ತಪ್ಪು ಮಾಡುವುದರಲ್ಲಾದರೂ ನಾನು ಅವರ ಸರಿಸಮನಾಗಿದ್ದೆ. ಬಂದವರು ಪ್ರಸಾದ ತೆಗೆದುಕೊಂಡು ನಗುತ್ತ ಹೋದರು, ನಾವಿಬ್ಬರು ಚಕ್ಕುಲಿ ತಿನ್ನುತ್ತ ರೈಲು ನೋಡಿದೆವು.

ಸ್ವಲ್ಪ ಹೊತ್ತಿನ ಮೇಲೆ ಮಾವ ನನ್ನ ಕಿವಿಯ ಹತ್ತಿರ ಬಾಗಿದರು.

"ರಾಮಾ, ಈಗ ಚೊಲೋ ಓಡ್ತದೆ. ಹೀಂಗೇ ಬಿಟ್ರೆ ತುಕ್ಕು ಹಿಡೀತದೆ. ತೆಗ್ದಿಡೂಮುಂದೆ ಒಂಚೂರು..."

"ನಾನೂ ಅದನ್ನೇ ಯೋಚ್ನೆ ಮಾಡ್ತಿದ್ದೆ ಮಾವ," ಎಂದು ಪಿಸುಗುಟ್ಟಿ, ಮಂಚದ ಅಡಿಗೆ ಕೈ ಹಾಕಿ ಡಬ್ಬ ತಡಕಾಡಿದೆ. ಮಾವನೂ ತಮ್ಮ ಕಡೆಯಿಂದ ಕೈ ಹಾಕಿದರು.

"ಹುಡ್ಕಬೇಡಿ," ಎಂದಿತು ಅಡಿಗೆಮನೆಯಿಂದ ಮಂಗಲಾಳ ದನಿ. "ಆ ಡಬ್ಬ ಆಚೆ ಮನೆ ಮನಿಷಾನ ಗೇಟಿಗೆ ಹಚ್ಚೂಕೆ ಕೊಟ್ಟಾಯ್ತು."

ಮಾವ, ನಾನು ಇಬ್ಬರೂ ಒಟ್ಟಿಗೇ ಕೈ ಹಿಂದೆಗೆದು ಮಡಿಲಲ್ಲಿ ಇಟ್ಟುಕೊಂಡೆವು.